ಹತ್ತು ಎಣಿಸುವವರೆಗೆ

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ವಾಸೀಮನ ಮೊಬೈಲ್ ಅಂಗಡಿ ಇದೆ. ಎಂಟಡಿ ಅಗಲ, ಹತ್ತಡಿ ಉದ್ದ. ಅಲ್ಲಿ ಫೋನಿಗೆ ಹೊಸ ಕ್ಯಾಮೆರಾ ಆ್ಯಪ್ ಹಾಕಿಸಿಕೊಂಡವರು ಹೊರಡುವ ಮೊದಲು ಒಂದು ಕೆಲಸ ಮಾಡಬೇಕು. ಟೇಬಲ್ಲಿನ ಮೇಲೆ ಬಟ್ಟಲಿನಲ್ಲಿರುವ ಜೋಳದ ಫೋಟೊ ತೆಗೆಯಬೇಕು. ತೆಗೆದ ಮೇಲೆ ಫೋನನ್ನು ಹಾಗೆಯೇ ಹಿಡಿದುಕೊಂಡು ಬಾಯಿಬಿಟ್ಟು ಹತ್ತರವರೆಗೆ ಎಣಿಸಬೇಕು. ಕಾಲೇಜಿನ ಹುಡುಗರು ನಾಚುತ್ತಾರೆ. ಎಪಿಎಂಸಿಗೆ ಮಾಲು ತಂದ ರೈತರು ನಾಚುವುದಿಲ್ಲ. ಧಾನ್ಯ ಅಳೆಯುವಾಗ ಎಣಿಸುವ ಹಾಗೆ ಅವರು ಒಂದು ಎನ್ನದೆ ‘ಲಾಭ’ ಎಂದು ಶುರು ಮಾಡಿ, ಎರಡು, ಮೂರು ಎಂದು ಹತ್ತು ಮುಟ್ಟಿಸುತ್ತಾರೆ. ಅದಾದ ಮೇಲೆಯೇ ವಾಸೀಮ ಅವರನ್ನು ಕಳಿಸಿಕೊಡುತ್ತಾನೆ.

ಎರಡು ವರ್ಷದ ಹಿಂದೆ ಈ ಪದ್ಧತಿ ಇರಲಿಲ್ಲ. ಇದು ಹೇಗೆ ಬಂತು ಎಂಬುದನ್ನು ಹೇಳಬೇಕಾದರೆ ಚಚಡಿಯ ಕೃಷ್ಣವ್ವನ ವಿಷಯ ಹೇಳಬೇಕು. ಅದಕ್ಕೂ ಮೊದಲು ವಾಸೀಮನ ತಂದೆಯ ವಿಷಯ.

ತಂದೆ ಯಾಕೂಬಸಾಬರು ನೇಸರಗಿಯವರು. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗಿ ಚಾಳೀಸು ಮಾರುತ್ತಿದ್ದರು. ನಲವತ್ತು ದಾಟಿ ಹತ್ತಿರದ್ದು ಕಾಣದವರಿಗೆ ಬೇಕಾಗುವ ಕನ್ನಡಕ ಅದು. ಓದು ಬಾರದ ಹೆಂಗಸರೇ ಹೆಚ್ಚಾಗಿ ಬರುತ್ತಿದ್ದರು. ಅವರಿಗೆ ಅಕ್ಷರದ ಹಲಗೆ ತೋರಿಸಿ ಏನು ಉಪಯೋಗ? ಅದಕ್ಕೆ ಯಾಕೂಬಸಾಬರು ಒಂದು ಸೂಜಿ, ಒಂದು ಎಳೆ ದಾರ ಇಟ್ಟುಕೊಂಡಿದ್ದರು. ಚಾಳೀಸು ಹಾಕಿಸಿ, ದಾರ ಪೋಣಿಸಿ ತೋರಿಸು ಎನ್ನುತ್ತಿದ್ದರು. ಒಮ್ಮೆ ಪೋಣಿಸಿದರೆ ಸಾಲದು, ನಾಲ್ಕು ಸಲ. ಮೂರು ಸಲ ಸರಿಯಾಗಿ ಹೋಗಿ ನಾಲ್ಕನೆಯದು ತಪ್ಪಿದರೆ ಆ ಚಾಳೀಸು ಕೊಡುತ್ತಿರಲಿಲ್ಲ. ಚಿಕ್ಕವನಿದ್ದಾಗ ವಾಸೀಮ ಈ ಕೆಲಸವನ್ನು ಹತ್ತಿರ ಕುಳಿತು ನೋಡಿದ್ದ.

ಐಟಿಐ ಮುಗಿಸಿ ಮೊಬೈಲ್ ರಿಪೇರಿ ಕಲಿತ ವಾಸೀಮನಿಗೆ ತನ್ನದೇ ಸೂಜಿ ದಾರ ಸಿಕ್ಕಿದ್ದು ಕ್ಯಾಮೆರಾದಲ್ಲಿ. ನಮ್ಮ ಕಡೆಯವರ ಕೈಯಲ್ಲಿರುವುದು ಹೆಚ್ಚಾಗಿ ಅಗ್ಗದ ಫೋನು. ಅವುಗಳಲ್ಲಿ ಬರುವ ಕ್ಯಾಮೆರಾಕ್ಕೆ ಒಂದು ಚಟ. ಎದುರಿಗೆ ಯಾರೇ ಕುಳಿತಿರಲಿ, ಮುಖವನ್ನು ಬೆಳ್ಳಗೆ, ನುಣ್ಣಗೆ ಮಾಡಿಬಿಡುತ್ತದೆ. ಇದಕ್ಕೆ ಉಪಾಯವೂ ಇದೆ. ದುಬಾರಿ ಫೋನೊಂದಕ್ಕಾಗಿ ಮಾಡಿದ ಒಳ್ಳೆಯ ಕ್ಯಾಮೆರಾ ಆ್ಯಪನ್ನು ಎಲ್ಲೆಲ್ಲಿಯೋ ಇರುವ ಹವ್ಯಾಸಿಗಳು ಬಿಚ್ಚಿ, ಬೇರೆ ಫೋನುಗಳಲ್ಲಿಯೂ ನಡೆಯುವಂತೆ ತಿದ್ದಿ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಡುತ್ತಾರೆ. ಅದಕ್ಕೆ ಪೋರ್ಟ್ ಎನ್ನುತ್ತಾರೆ. ಆದರೆ ತಂದು ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ಪ್ರತಿ ಫೋನಿಗೂ ಬೇರೆ ಲೆನ್ಸು, ಬೇರೆ ಚಿಪ್. ಒಂದರಲ್ಲಿ ಚೆನ್ನಾಗಿ ನಡೆದದ್ದು ಇನ್ನೊಂದರಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮತ್ತೊಂದರಲ್ಲಿ ಮನುಷ್ಯರೆಲ್ಲ ಹಸಿರಾಗುತ್ತಾರೆ. ಯಾವ ಫೋನಿಗೆ ಯಾವ ಪೋರ್ಟು, ಅದರೊಳಗೆ ಯಾವ ಸೆಟ್ಟಿಂಗು ಎಂದು ಕುಳಿತು ಹುಡುಕಬೇಕು. ವಾಸೀಮ ಹುಡುಕುತ್ತಿದ್ದ. ಇನ್ನೂರು ಪುಟದ ನೋಟಬುಕ್ಕಿನಲ್ಲಿ ಒಂದೊಂದು ಮಾಡೆಲ್ಲಿನ ಹೆಸರು ಬರೆದು, ಅದರ ಮುಂದೆ ‘ಮುಂದಿನ ಕ್ಯಾಮೆರಾ ನಡೆಯುವುದಿಲ್ಲ’, ‘ಬಿಸಿಲಲ್ಲಿ ನೀಲಿ ಬರುತ್ತದೆ’ ಎಂದು ಗುರುತು ಹಾಕಿಕೊಳ್ಳುತ್ತಿದ್ದ. ಪರೀಕ್ಷೆಗೆ ಅವನು ಇಟ್ಟುಕೊಂಡದ್ದು ಎರಡೇ ವಸ್ತು: ಒಂದು ಬಟ್ಟಲು ಜೋಳ ಮತ್ತು ಗಿರಾಕಿಯ ಮುಂಗೈ. ಫೋಟೊದಲ್ಲಿ ಜೋಳದ ಕಾಳು ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆಯ ಹಾಗೆ ಕಂಡರೆ ಸೆಟ್ಟಿಂಗು ತಪ್ಪು. ಕಾಳು ಬಿಡಿಬಿಡಿಯಾಗಿ, ಮುಂಗೈಯ ನರ, ಕೂದಲು ಇದ್ದಂತೆ ಕಂಡರೆ ಸರಿ.

ಇನ್ನೊಂದು ಅಭ್ಯಾಸವನ್ನೂ ಅವನು ಗಿರಾಕಿಗಳಿಗೆ ಕಲಿಸಿದ್ದ. ಕಡಿಮೆ ಮೆಮೊರಿಯ ಫೋನುಗಳು ಹತ್ತು ಆ್ಯಪ್ ತೆರೆದರೆ ಏದುಸಿರು ಬಿಡುತ್ತವೆ. ಅದಕ್ಕೆ, ಕೆಲಸ ಮುಗಿದ ಕೂಡಲೇ ತೆರೆದದ್ದನ್ನೆಲ್ಲ ಬೆರಳಿನಿಂದ ಮೇಲಕ್ಕೆ ಸರಿಸಿ ತೆಗೆದುಬಿಡಬೇಕು ಎಂದು ಹೇಳುತ್ತಿದ್ದ. ಉಂಡ ಮೇಲೆ ಗಂಗಾಳ ಎತ್ತಿಡುವುದಿಲ್ಲವೇ, ಹಾಗೆ ಎನ್ನುತ್ತಿದ್ದ. ಈ ಮಾತು ಹೆಂಗಸರಿಗೆ ತಕ್ಷಣ ತಿಳಿಯುತ್ತಿತ್ತು. ಬೈಲಹೊಂಗಲದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಫೋನಿನ ಕೆಲಸ ಮುಗಿದೊಡನೆ ‘ಎತ್ತಿಡು’ ಎನ್ನುವುದು ರೂಢಿಯಾಯಿತು.

ಸೋಮವ್ವ ಇದನ್ನು ತಪ್ಪದೆ ಪಾಲಿಸಿದವಳು. ಆಕೆ ಬೈಲಹೊಂಗಲದ ಸಾಲೆಯೊಂದರಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಾಳೆ. ಐವತ್ತರ ಹತ್ತಿರದ ವಯಸ್ಸು. ಪಾತ್ರೆಗಳನ್ನು ತೊಳೆದು ಬೋರಲು ಹಾಕದೆ ಆಕೆ ಮನೆಗೆ ಹೊರಡುವುದಿಲ್ಲ. ತವರು ಚಚಡಿ. ಅಲ್ಲಿ ಅಣ್ಣ ಅಂದಾನೆಪ್ಪನ ಜೊತೆ ತಾಯಿ ಕೃಷ್ಣವ್ವ ಇದ್ದಳು. ಎಂಬತ್ತು ದಾಟಿದ್ದರೂ ಕಣ್ಣೊಂದು ಬಿಟ್ಟರೆ ಬೇರೆ ದೂರಿರಲಿಲ್ಲ. ಆ ಕಣ್ಣು ತೋರಿಸಲು ಸರಕಾರಿ ದವಾಖಾನೆಗೆ ಕರೆತಂದ ದಿನ ಸೋಮವ್ವ ತಾಯಿಯನ್ನು ವಾಸೀಮನ ಅಂಗಡಿಗೂ ಕರೆದುಕೊಂಡು ಬಂದಳು.

ಆಕೆಗೆ ಬೇಕಾದದ್ದು ಒಂದೇ: ತಾಯಿಯ ಒಂದು ಫೋಟೊ, ತಾಯಿ ಇದ್ದ ಹಾಗೆ. ಆಧಾರ ಕಾರ್ಡಿನದು ಬಿಟ್ಟರೆ ಕೃಷ್ಣವ್ವನ ಫೋಟೊ ಇರಲಿಲ್ಲ. ಮಗಳು ತನ್ನ ಫೋನಿನಲ್ಲಿ ಒಂದೆರಡು ತೆಗೆದಿದ್ದಳು. ಅವನ್ನು ನೋಡಿದ ಮುದುಕಿ, ಇನ್ನು ಮೇಲೆ ಫೋಟೊಕ್ಕೆ ಕುಳಿತುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಳು. ಆಕೆಯ ಹುಬ್ಬಿನ ನಡುವೆ ಒಂದು ಗೆರೆ, ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ ಇತ್ತು. ಮದುವೆಗೆ ಮೊದಲು ಆಕೆಯ ತಾಯಿ ಹಾಕಿಸಿದ್ದು. ಫೋನು ಅದನ್ನು ಚರ್ಮದ ಕಲೆ ಎಂದುಕೊಂಡು ಒರೆಸಿಬಿಟ್ಟಿತ್ತು.

ಕೃಷ್ಣವ್ವ ಸ್ಟೂಲಿನ ಮೇಲೆ ಕುಳಿತು ವಾಸೀಮನನ್ನು ದಿಟ್ಟಿಸಿದಳು.

“ನೀ ಚಾಳೀಸ ಯಾಕೂಬಸಾಬನ ಮಗಾ ಏನ?”

“ಹೌದ್ರಿ ಆಯಿ.”

“ನಿಮ್ಮಪ್ಪ ನಾಕ ಸಲ ದಾರ ಪೋಣಸಾಕ ಹಚ್ಚಿ ಚಾಳೀಸ ಕೊಟ್ಟಿದ್ದ. ನೀ ಏನ ಕೊಡಾಂವ?”

ಸೋಮವ್ವ ಹಳೆಯ ಫೋಟೊ ತೆಗೆದು ವಾಸೀಮನ ಮುಂದೆ ಹಿಡಿದಳು. ಮುದುಕಿ ಅದರ ಮೇಲೆ ಬೆರಳಿಟ್ಟು ಹೇಳಿದಳು:

“ಈಗ ನೀನ ಹೇಳ. ಇಕಿಗೆ ಹಣಿ ಮ್ಯಾಲ ಹಚ್ಚಿ ಇಲ್ಲ, ಮಾರಿ ಮ್ಯಾಲ ಗೆರಿ ಇಲ್ಲ. ಇಕಿ ಯಾರೋ ಸಾವಕಾರ್ತಿ. ನಾ ಸತ್ತ ಮ್ಯಾಲ ಇವರು ಇಕಿಗೆ ಯಾಕ ಮಾಲಿ ಹಾಕಬೇಕು?”

ವಾಸೀಮ ನಗಲಿಲ್ಲ. ಫೋನು ತೆಗೆದುಕೊಂಡು ಪೋರ್ಟು ಹಾಕತೊಡಗಿದ. ಆ ಮಾಡೆಲ್ಲಿಗೆ ಅವನ ನೋಟಬುಕ್ಕಿನಲ್ಲಿ ಏನೂ ಬರೆದಿರಲಿಲ್ಲ, ಮೊದಲಿನಿಂದ ಹುಡುಕಬೇಕಾಗಿತ್ತು. ಪರೀಕ್ಷೆಗೆಂದು ಮುಖವನ್ನೇ ತೆಗೆಯಲೇ ಎಂದು ಕೇಳಿದ್ದಕ್ಕೆ, ನಿನ್ನ ಯಂತ್ರ ಮೊದಲು ಕಲಿಯಲಿ, ಮಾರಿ ಬೇಡ, ಕೈ ತಗೋ ಎಂದು ಕೃಷ್ಣವ್ವ ಎಡಗೈ ಚಾಚಿದಳು. ಕೈಯಲ್ಲಿಯೂ ಹಚ್ಚೆ ಇತ್ತು. ಮಣಿಕಟ್ಟಿನ ಮೇಲೆ ಐದು ಚುಕ್ಕೆ, ಅದರ ಕೆಳಗೆ ತೊಟ್ಟಿಲಿನ ಆಕಾರ. ಹಸಿರು ಬಣ್ಣ ಮಾಸಿ ನರದ ಬಣ್ಣಕ್ಕೆ ಬಂದಿತ್ತು. ಕೈಯ ಪಕ್ಕಕ್ಕೆ ವಾಸೀಮ ಜೋಳದ ಬಟ್ಟಲು ಸರಿಸಿದ. ಮುದುಕಿ ಬಗ್ಗಿ ಒಂದು ಕಾಳು ಎತ್ತಿ, ಎರಡು ಬೆರಳಲ್ಲಿ ಹೊಸೆದಳು.

“ಇದಕ್ಕ ನುಸಿ ಹತ್ತೈತಿ. ಫೋಟೊ ಚಂದ ಬರ್ಲಿ ಅಂದ್ರ ಎಲ್ಲಿಂದ ಬರ್ತೈತಿ?”

ಮಗಳ ಮನೆಗೆಂದು ತಂದಿದ್ದ ಗಂಟು ಬಿಚ್ಚಿ, ಹಳೆಯ ಜೋಳವನ್ನು ಹೊರಗೆ ಚೆಲ್ಲಿಸಿ, ಹೊಸ ಜೋಳ ಬಟ್ಟಲಿಗೆ ಸುರಿದಳು. ಅರ್ಧ ತಾಸು ಅಲುಗಾಡದೆ ಕೈ ಇಟ್ಟುಕೊಂಡು ಕುಳಿತಳು. ಒಂದರಲ್ಲಿ ಕೈ ಕೆಂಪಾಯಿತು, ಇನ್ನೊಂದರಲ್ಲಿ ಕಾಳು ಅಂಟಿಕೊಂಡವು. ನಾಲ್ಕನೆಯದನ್ನು ತೆಗೆದ ಮೇಲೆ ವಾಸೀಮ ಫೋನನ್ನು ಆಕೆಯ ಕೈಗೆ ಕೊಟ್ಟ. ಕೃಷ್ಣವ್ವ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗುರುತಿತ್ತು.

“ಇಲ್ಲಿ ನೋಡ ಸೋಮೀ, ಕುಡಗೋಲ ಬಡದದ್ದು ಸುದ್ದಾ ಬಂದೈತಿ. ಇದು ನನ್ನ ಕೈ.” ಫೋನನ್ನು ವಾಸೀಮನಿಗೆ ತಿರುಗಿ ಕೊಟ್ಟು ಮಗಳಿಗೆ ಹೇಳಿದಳು: “ಐತವಾರ ಊರಿಗೆ ಬಾ. ಕುಂದರ್ತೇನಿ.”

ವಾಸೀಮ ಎರಡು ದಿನ ಫೋನನ್ನು ಅಂಗಡಿಯಲ್ಲಿಯೇ ಇಟ್ಟುಕೊಂಡ. ಅಂಗಡಿಯ ಬೆಳಕು ಬೇರೆ, ಚಚಡಿಯ ಪಡಸಾಲೆಯ ಬೆಳಕು ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಈ ಕ್ಯಾಮೆರಾ ಒಂದು ಸಲ ಒತ್ತಿದರೆ ಒಂದೇ ಚಿತ್ರ ತೆಗೆಯುವುದಿಲ್ಲ. ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಅವನ್ನು ಒಳಗೊಳಗೇ ಕೂಡಿಸಿ ಒಂದು ಮಾಡುತ್ತದೆ. ಹೆಚ್ಚು ಚಿತ್ರ ಕೂಡಿಸಿದಷ್ಟೂ ಮಬ್ಬಿನಲ್ಲಿ ಹಚ್ಚೆಯ ಗೆರೆ ಸ್ಪಷ್ಟ. ಅವನು ಆ ಸಂಖ್ಯೆ ಹೆಚ್ಚಿಸಿದ. ದುಬಾರಿ ಫೋನು ಕಣ್ಣು ಮಿಟುಕಿಸುವುದರೊಳಗೆ ಮಾಡುವ ಈ ಕೆಲಸಕ್ಕೆ ಸೋಮವ್ವನ ಫೋನು ಮೊದಲು ಮೂರು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಈಗ ಹತ್ತರ ಹತ್ತಿರ ತೆಗೆದುಕೊಂಡಿತು. ಚಿತ್ರ ಚೆನ್ನಾಗಿ ಬಂದದ್ದರಿಂದ ವಾಸೀಮ ಹೊತ್ತಿನ ಕಡೆ ಲಕ್ಷ್ಯ ಕೊಡಲಿಲ್ಲ. ಪರೀಕ್ಷೆಯ ಫೋಟೊಗಳನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡು, ಗಿರಾಕಿಯ ಫೋನಿನಲ್ಲಿ ತನ್ನ ಕಸ ಇರಬಾರದೆಂದು ಅದರಿಂದ ಅಳಿಸಿ, ಶನಿವಾರ ಫೋನು ಒಪ್ಪಿಸಿದ. ಒತ್ತಿದ ಮೇಲೆ ಸ್ವಲ್ಪ ತಡೆಯಿರಿ ಎಂಬ ಒಂದು ಮಾತು ಹೇಳಲಿಲ್ಲ.

ಭಾನುವಾರ ಕೃಷ್ಣವ್ವ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಳಕಲ್ಲ ಸೀರೆ ಉಟ್ಟು ಬಾಗಿಲ ಹತ್ತಿರದ ಕಟ್ಟೆಗೆ ಬಂದು ಕುಳಿತಳು. ಲಗ್ನದ ಹೆಣ್ಣಿನ ಹಾಗೆ ಕುಳಿತಿದ್ದೀ ಎಂದು ಅಂದಾನೆಪ್ಪ ಚೇಷ್ಟೆ ಮಾಡಿದ. ಹಚ್ಚೆ ಮುಚ್ಚದಿರಲೆಂದು ಆಕೆ ವಿಭೂತಿಯನ್ನು ಸ್ವಲ್ಪ ಮೇಲಕ್ಕೆ ಹಚ್ಚಿಕೊಂಡಿದ್ದಳು. ಸೋಮವ್ವ ಮೂರು ಫೋಟೊ ತೆಗೆದಳು. ತಾಯಿಯ ಫೋಟೊಕ್ಕೆ ಫೋನು ಹಗುರ ಇರಲಿ ಎಂದು, ಒಂದೊಂದನ್ನು ತೆಗೆದ ಕೂಡಲೇ ಕ್ಯಾಮೆರಾವನ್ನು ಮೇಲಕ್ಕೆ ಸರಿಸಿ ಎತ್ತಿಟ್ಟು, ಮತ್ತೆ ಹೊಸದಾಗಿ ತೆರೆದಳು. ಮೂರನೆಯದು ಆದ ಮೇಲೆ ಮುದುಕಿ, ಇನ್ನು ಸಾಕು, ಕಾಲು ಹಿಡಿಯಿತು ಎಂದು ಎದ್ದಳು. ಆಕೆಯನ್ನು ಒಳಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಸೋಮವ್ವ ಫೋನನ್ನು ಚೀಲಕ್ಕೆ ಹಾಕಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ತೆಗೆದು ನೋಡಿದಳು. ಮೂರು ಬೂದುಬಣ್ಣದ ಚೌಕ. ಒಂದರಲ್ಲಿ ಮಾತ್ರ ನೀರಿನೊಳಗೆ ಬಿದ್ದ ಹಾಗೆ ಸೀರೆಯ ಅಂಚು ಕಾಣುತ್ತಿತ್ತು.

ಸೋಮವಾರ ಸಾಲೆಯ ಕೆಲಸ ಮುಗಿಸಿ ಆಕೆ ಅಂಗಡಿಗೆ ಬಂದಳು.

“ತಮ್ಮಾ, ನೀ ಹೇಳಿದಂಗ ಮಾಡೇನಿ. ಒಂದೊಂದು ತಗದು ಎತ್ತಿಟ್ಟೇನಿ. ಫೋಟೊ ಎಲ್ಲಿ ಹೋದೂ?”

ವಾಸೀಮ ಜೋಳದ ಬಟ್ಟಲು ತೋರಿಸಿ, ಹೇಗೆ ತೆಗೆದಿರಿ, ತೆಗೆದು ತೋರಿಸಿ ಎಂದ. ಆಕೆ ಒತ್ತಿದಳು. ಒತ್ತಿದ ಹೆಬ್ಬೆರಳು ಅಲ್ಲಿ ನಿಲ್ಲದೆ ನೇರ ಮೇಲಕ್ಕೆ ಸರಿಯಿತು. ಅದು ಸರಿದುದನ್ನು ನೋಡಿದಾಗ ಅವನಿಗೆ ಎಲ್ಲ ತಿಳಿಯಿತು: ಒಳಗೆ ಚಿತ್ರಗಳು ಕೂಡುವ ಮೊದಲೇ ಕ್ಯಾಮೆರಾ ಮುಚ್ಚಿಹೋಗುತ್ತಿತ್ತು. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗಲೇ ಪಾತ್ರೆ ಇಳಿಸಿ ತೊಳೆದಂತೆ ಆಗಿದೆ ಎಂದು ಅವನು ವಿವರಿಸಿದ. ಸೋಮವ್ವ ದಿನಕ್ಕೆ ಇನ್ನೂರು ಮಕ್ಕಳಿಗೆ ಅನ್ನ ಮಾಡುವವಳು, ತಿಳಿದುಕೊಂಡಳು. ಬರುವ ಭಾನುವಾರ ತಾನೂ ಚಚಡಿಗೆ ಬರುತ್ತೇನೆ, ತಾನೇ ತೆಗೆದುಕೊಡುತ್ತೇನೆ ಎಂದು ವಾಸೀಮ ಹೇಳಿದ. ಅವ್ವ ಇನ್ನೊಮ್ಮೆ ಕುಳಿತಾಳೋ ಇಲ್ಲವೋ, ಪುಸಲಾಯಿಸಬೇಕು ಎಂದು ಸೋಮವ್ವ ನಕ್ಕಳು.

ಗುರುವಾರ ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದ ಕೃಷ್ಣವ್ವ ಮತ್ತೆ ಏಳಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ಹಣೆ ತುಂಬ ವಿಭೂತಿ ಬಳಿದು, ಹೂವು ಹಾಕುತ್ತಾರೆ. ಕೃಷ್ಣವ್ವನನ್ನೂ ಹಾಗೆಯೇ ಕುಳ್ಳಿರಿಸಿದರು. ವಿಭೂತಿಯ ದಪ್ಪ ಗೆರೆಯ ಕೆಳಗೆ ಹಚ್ಚೆ ಮುಚ್ಚಿಹೋಯಿತು. ಬಂದ ಬಂಧುಗಳು ಫೋನು ಹಿಡಿದು ಫೋಟೊ ತೆಗೆದುಕೊಂಡರು. ನೀನೂ ಒಂದು ತೆಗೆದಿಟ್ಟುಕೋ ಎಂದು ಯಾರೋ ಅಂದಾಗ, ಕಣ್ಣು ಮುಚ್ಚಿದ್ದು ತನಗೆ ಬೇಡ ಎಂದು ಸೋಮವ್ವ ಫೋನು ಹೊರಗೇ ತೆಗೆಯಲಿಲ್ಲ.

ಸುದ್ದಿ ಕೇಳಿದ ಮೇಲೆ ವಾಸೀಮ ಯಾರ ಫೋನಿಗೂ ಕ್ಯಾಮೆರಾ ಹಾಕಲಿಲ್ಲ. ಕೇಳಿದವರಿಗೆ, ಸದ್ಯಕ್ಕೆ ಆಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದ. ನಾಲ್ಕು ಸಲ ದಾರ ಪೋಣಿಸಿ ತೋರಿಸದವರಿಗೆ ತಂದೆ ಒಂದು ಚಾಳೀಸನ್ನೂ ಕೊಟ್ಟಿರಲಿಲ್ಲ. ತಾನು ಯಂತ್ರವನ್ನು ಪರೀಕ್ಷಿಸಿದೆ, ಹಿಡಿಯುವ ಕೈಯನ್ನು ಪರೀಕ್ಷಿಸಲಿಲ್ಲ ಎಂದು ಹೆಂಡತಿ ಫಿರದೋಸಳ ಮುಂದೆ ಹೇಳಿಕೊಂಡ. ಆಕೆ ಸಮಾಧಾನ ಮಾಡಲು ಹೋಗಲಿಲ್ಲ. ಇದನ್ನು ನನಗೆ ಹೇಳಿ ಏನು ಪ್ರಯೋಜನ, ಹೇಳಬೇಕಾದವರಿಗೆ ಹೋಗಿ ಹೇಳಿರಿ ಎಂದಳು.

ಹೋಗುವ ಮೊದಲು, ಏನಾದರೂ ಉಳಿದಿದೆಯೇ ಎಂದು ಅವನು ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದ. ಮುಖ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಕೈ ಇತ್ತು. ನಾಲ್ಕು ಕೈ. ನಾಲ್ಕನೆಯದನ್ನು ದೊಡ್ಡದು ಮಾಡಿ ನೋಡಿದ. ಐದು ಚುಕ್ಕೆ, ತೊಟ್ಟಿಲು, ಕುಡಗೋಲಿನ ಗುರುತು, ಉಗುರಿನ ಸಂದಿಯ ಮಣ್ಣು, ಪಕ್ಕದಲ್ಲಿ ಬಿಡಿಬಿಡಿಯಾದ ಜೋಳ. ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ಪೇಪರಿನಲ್ಲಿ ಸುತ್ತಿಕೊಂಡು ಚಚಡಿಯ ಬಸ್ಸು ಹತ್ತಿದ.

ಕೃಷ್ಣವ್ವನ ದಿವಸದ ಕಾರ್ಯಕ್ಕೆ ಎರಡು ದಿನ ಉಳಿದಿತ್ತು. ಅಂಗಳದಲ್ಲಿ ಸೋಮವ್ವ ಬೇಳೆ ಆರಿಸುತ್ತಿದ್ದಳು. ಅಂದಾನೆಪ್ಪ ಖುರ್ಚಿ ತಂದು ಹಾಕಿದ, ಕುಂತ್ರಿ ಎಂದ. ವಾಸೀಮ ನಿಂತೇ ಹೇಳಿದ:

“ತಪ್ಪ ನಂದ ಐತ್ರಿ ಅಕ್ಕಾರ. ಎತ್ತಿಡ್ರಿ ಅಂತ ಕಲಿಸಿದಾಂವ ನಾನು. ಹತ್ತ ಎಣಸೂಮಟಾ ತಡೀರಿ ಅಂತ ಹೇಳಾಕ ಮರತೆ.”

ಸೋಮವ್ವ ಮೊರದಿಂದ ಕೈ ತೆಗೆದು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಇರಲಿ ಬಿಡು ಎಂದೂ ಅನ್ನಲಿಲ್ಲ.

“ನೀ ಹೇಳಿದ್ದರ ನಾ ತಡೀತಿದ್ನೆಪಾ,” ಎಂದಳು.

ವಾಸೀಮ ಪೇಪರು ಬಿಚ್ಚಿ ಫೋಟೊ ಆಕೆಯ ಮುಂದೆ ಇಟ್ಟ. ಅಂದಾನೆಪ್ಪನೂ ಬಂದು ಬಗ್ಗಿ ನೋಡಿದ. ಅವನು ಕೆಟ್ಟವನಲ್ಲ, ಆದರೆ ಬಂದವರಿಗೆ ಉತ್ತರ ಹೇಳಬೇಕಾದವನು.

“ಮಾರಿ ಇಲ್ಲದ ಫೋಟೊ ಗ್ವಾಡಿಗೆ ಹೆಂಗ ಹಾಕೂದ್ರಿ? ಮಂದಿ ಏನ ಅಂದಾರು?”

ಸೋಮವ್ವ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಚುಕ್ಕೆ ಮುಟ್ಟಿದಳು. ಕುಡಗೋಲಿನ ಗುರುತಿನ ಹತ್ತಿರ ಬಂದಾಗ ಬೆರಳು ಅಲ್ಲಿಯೇ ನಿಂತಿತು. ತಲೆ ಎತ್ತದೆ ಕೇಳಿದಳು:

“ಈ ಜ್ವಾಳ ಅದಾವೇನು ಇನ್ನ?”

“ಅದಾವ್ರಿ. ಬಟ್ಟಲದಾಗ ಹಂಗ ಅದಾವು.”

“ಬೇವಿನ ಎಲಿ ಹಾಕಿ ಇಡು. ನುಸಿ ಹತ್ತಗೊಡಬ್ಯಾಡ.”

ಚಚಡಿಯ ಮನೆಯ ಪಡಸಾಲೆಯಲ್ಲಿ ಆಧಾರ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿ ಹಾಕಿದ್ದಾರೆ. ಮಸುಕಿನಲ್ಲಿ ಹಣೆಯ ಹಚ್ಚೆ ಕಾಣುವುದಿಲ್ಲ. ಹೊಸಬರು ಬಂದರೆ ಇದು ಯಾರು ಎಂದು ಕೇಳುತ್ತಾರೆ, ಅಂದಾನೆಪ್ಪ ಹೇಳುತ್ತಾನೆ. ಕೈಯ ಫೋಟೊ ಬೈಲಹೊಂಗಲದಲ್ಲಿ, ಸೋಮವ್ವ ರೊಟ್ಟಿ ಬಡಿಯುವ ಜಾಗದ ಮೇಲಿನ ಗೋಡೆಯಲ್ಲಿದೆ. ಅದಕ್ಕೆ ಮಾಲೆ ಹಾಕಿಲ್ಲ. ಹಿಟ್ಟು ಹಾರಿ ಗಾಜಿನ ಮೇಲೆ ಕುಳಿತಿರುತ್ತದೆ. ಸಂಜೆಗೆ ಒರೆಸುತ್ತಾಳೆ.

ವಾಸೀಮ ಮತ್ತೆ ಕ್ಯಾಮೆರಾ ಹಾಕಲು ಶುರು ಮಾಡಿದ್ದು ತಿಂಗಳ ನಂತರ. ಅಂದಿನಿಂದ ಹತ್ತು ಎಣಿಸುವ ಪದ್ಧತಿ ಬಂತು. ನೋಟಬುಕ್ಕಿನಲ್ಲಿ ಪ್ರತಿ ಮಾಡೆಲ್ಲಿನ ಮುಂದೆ ಈಗ ಎಷ್ಟು ಸೆಕೆಂಡು ಎಂಬುದನ್ನೂ ಬರೆಯುತ್ತಾನೆ. ಎಲ್ಲ ಫೋನಿಗೂ ಹತ್ತು ಬೇಕಾಗುವುದಿಲ್ಲ, ಕೆಲವಕ್ಕೆ ಎರಡು ಸಾಕು. ಆದರೂ ಹತ್ತನ್ನೇ ಎಣಿಸುವಂತೆ ಹೇಳುತ್ತಾನೆ. ತಿಂಗಳಿಗೊಮ್ಮೆ ಬಟ್ಟಲಿನ ಬೇವಿನ ಎಲೆ ಬದಲಿಸುತ್ತಾನೆ.

ಮೊನ್ನೆ ಸೋಮವ್ವ ಅಣ್ಣನ ಹೊಸ ಫೋನು ತಂದಿದ್ದಳು. ಅಂದಾನೆಪ್ಪನೇ ಕಳಿಸಿದ್ದ. ಅದಕ್ಕೆ ಹೊಂದುವ ಪೋರ್ಟು ಸಿಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಆಕೆ ಬಂದಾಗ ವಾಸೀಮ ಬಟ್ಟಲನ್ನು ಮುಂದೆ ಸರಿಸಿದ. ಸೋಮವ್ವ ಒಂದು ಕಾಳು ಎತ್ತಿ ಎರಡು ಬೆರಳಲ್ಲಿ ಹೊಸೆದು ನೋಡಿ, ತಿರುಗಿ ಬಟ್ಟಲಿಗೆ ಹಾಕಿದಳು. ಫೋಟೊ ಒತ್ತಿ, ಲಾಭ, ಎರಡು, ಮೂರು ಎಂದು ಎಣಿಸತೊಡಗಿದಳು. ಹತ್ತಾಯಿತು. ಫೋನನ್ನು ಇಳಿಸಲಿಲ್ಲ. ಹನ್ನೊಂದು, ಹನ್ನೆರಡು.

“ಸಾಕ್ರಿ ಅಕ್ಕಾರ, ಆಗೇತಿ,” ಎಂದ ವಾಸೀಮ.

“ತಡಿ,” ಎಂದು ಸೋಮವ್ವ ಎಣಿಸುತ್ತಲೇ ಹೋದಳು.